ಆಪರೇಷನ್‌ಗೆ ಮೊದಲಿನ ಕಸರತ್ತು

ಪ್ರಶ್ನೆ: ನಮ್ಮ ತಂದೆಗೆ ಮುಂದಿನ ತಿಂಗಳು ಮಂಡಿ ಕೀಲು ಬದಲಿಸುವ ಆಪರೇಷನ್. ದಿನಾ ವ್ಯಾಯಾಮ ಮಾಡುವವರು ಬೇಗ ಚೇತರಿಸಿಕೊಳ್ಳುತ್ತಾರಂತೆ, ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ. ದೊಡ್ಡ ಆಪರೇಷನ್ ಆದ ಮೇಲೆ ದೇಹ ಹೆಚ್ಚು ಆಮ್ಲಜನಕ ಬೇಡುತ್ತದೆ. ಹೃದಯ, ಶ್ವಾಸಕೋಶ ಪಳಗಿದ್ದರೆ ಅದನ್ನು ಪೂರೈಸುವುದು ಸಲೀಸು. ಅರಿವಳಿಕೆ ವೈದ್ಯರು ‘ಎರಡು ಮಹಡಿ ನಿಲ್ಲದೆ ಹತ್ತುತ್ತೀರಾ?’ ಎಂದು ಕೇಳುವುದು ಲೋಕಾಭಿರಾಮಕ್ಕಲ್ಲ.

ಹಾಸಿಗೆಯ ಲೆಕ್ಕ ಬೇರೆಯೇ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20ರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿಟ್ಟು ಪರೀಕ್ಷಿಸಿದರು. ಅದೇ ಐವರನ್ನು 30 ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ, ಅಷ್ಟು ವರ್ಷಗಳ ವಯಸ್ಸು ಕಸಿದದ್ದಕ್ಕಿಂತ ಆ ಮೂರು ವಾರ ಕಸಿದ ಸಾಮರ್ಥ್ಯವೇ ಹೆಚ್ಚೆಂದು ಗೊತ್ತಾಯಿತು! ಮೊದಲೇ ಶಕ್ತಿ ಕೂಡಿಟ್ಟುಕೊಂಡವರಿಗೆ, ಕಳೆದರೂ ಒಂದಿಷ್ಟು ಉಳಿದಿರುತ್ತದೆ.

ಮಂಡಿಗೆ ಆಧಾರ ತೊಡೆಯ ಮುಂಭಾಗದ ಸ್ನಾಯು. ಆಪರೇಷನ್ ನಂತರ ಸೊರಗುವುದೂ ಅದೇ. ಕಾಲು ಚಾಚಿ, ಮಂಡಿಯಡಿ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಹಿಡಿದು ಐದು ಎಣಿಸಿ ಬಿಡುವುದು ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ವೈದ್ಯರನ್ನು ಕೇಳಿ ಈಗಲೇ ಶುರುಮಾಡಿ. ಪವಾಡವನ್ನೇನೂ ನಿರೀಕ್ಷಿಸಬೇಡಿ: ಮುಂಚಿನ ವ್ಯಾಯಾಮದ ಲಾಭ ಹೆಚ್ಚಾಗಿ ಮೊದಲ ಕೆಲವು ವಾರಗಳದ್ದು, ಆಮೇಲೆ ವ್ಯತ್ಯಾಸ ಕಡಿಮೆಯಾಗುತ್ತದೆ. ಎದೆನೋವು, ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಆಪರೇಷನ್ ದಿನವೋ ಮರುದಿನವೋ ವಾಕರ್ ಹಿಡಿಸಿ ನಡೆಸುತ್ತಾರೆ. ನೋಡಲು ಬಂದ ನೆಂಟರು ‘ಪಾಪ, ಮಲಗಲಿ ಬಿಡಿ’ ಎಂದರೆ ಕಾಫಿ ಕೊಟ್ಟು ಕಳಿಸಿಬಿಡಿ.