ಇಳಿಯಲೊಲ್ಲದ ಡ್ರೋನ್

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು, ಪಾಂಡವಪುರ, ಶ್ರೀರಂಗಪಟ್ಟಣದ ಬಯಲಲ್ಲಿ ಗದ್ದೆಗಳು ನಾಟಿಗೆ ಹದವಾದಾಗ ವಿಡಿಯೊ ತೆಗೆಯುವವರಿಗೆ ಹಬ್ಬ. ಡ್ರೋನ್ ಹಠ ಹಿಡಿಯುವುದೂ ಆಗಲೇ. ಇಳಿಸಹೊರಟರೆ ಮೊಳದೆತ್ತರದಲ್ಲಿ ನಿಂತು ಗುಂಯ್‌ಗುಡುತ್ತದೆ. ಇಲ್ಲವೇ ಬದುವಿನ ಮೇಲಿದ್ದದ್ದು ತಾನಾಗಿ ಗದ್ದೆಯತ್ತ ಜಾರುತ್ತದೆ. ‘ಸೆನ್ಸರ್ ಹೋಯ್ತು’ ಎಂದು ರಿಪೇರಿಗೆ ಒಯ್ಯುವ ಮೊದಲು, ಕೆಳಗೆ ಅದಕ್ಕೆ ಕಂಡದ್ದೇನು ಎಂದು ಕೇಳಬೇಕು.

ಎತ್ತರ ತಿಳಿಯಲು ಡ್ರೋನ್‌ಗೆ ಗಾಳಿಯೊತ್ತಡದ ಮಾಪಕವಿದೆ. ಆದರೆ ಒಂದು ಮೀಟರ್ ಇಳಿದರೆ ಒತ್ತಡ ಹೆಚ್ಚುವುದು ಸುಮಾರು 11 ಪಾಸ್ಕಲ್ ಮಾತ್ರ. ನೆಲದ ಹತ್ತಿರ ರೆಕ್ಕೆಗಳ ಗಾಳಿಯೇ ಆ ಲೆಕ್ಕವನ್ನು ಕೆಡಿಸುತ್ತದೆ. ಹಾಗಾಗಿ ಕೊನೆಯ ಕೆಲವು ಅಡಿಗಳಲ್ಲಿ ನೆಚ್ಚಿಕೆಯೆಲ್ಲ ಹೊಟ್ಟೆಯಡಿಯ ಕ್ಯಾಮೆರಾ ಮತ್ತು ಅವಕೆಂಪು ಕಿರಣದ ಮೇಲೆ. ಕೆಲವು ಮಾದರಿಗಳಲ್ಲಿ ಶ್ರವಣಾತೀತ ಶಬ್ದದ ಮೇಲೆ. ಮೀಟರ್ ಎತ್ತರದಿಂದ ಹೊರಟ ಶಬ್ದ ನೆಲಕ್ಕೆ ಬಡಿದು ಮರಳಲು 6 ಮಿಲಿಸೆಕೆಂಡು ಸಾಕು. ಕಬ್ಬಿನ ಸೋಗೆಯ ಮೇಲಾದರೆ ಅದು ಚದುರಿಹೋಗುತ್ತದೆ. ನಿಂತ ನೀರು ಇನ್ನೂ ಮೋಸಗಾರ: ಕ್ಯಾಮೆರಾಗೆ ನೆಲದ ಬದಲು ಮೋಡ ತೋರಿಸುತ್ತದೆ. ಅಲೆ ಸರಿದರೆ ತಾನೇ ಸರಿದೆನೆಂದು ಡ್ರೋನ್ ಅದರ ಹಿಂದೆ ಹೋಗುತ್ತದೆ.

ಮಂಗಳನಲ್ಲೂ ಇದೇ ಪಾಡು. ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿ 2024ರ ಜನವರಿ 18ರಂದು ತನ್ನ 72ನೇ ಹಾರಾಟದಲ್ಲಿ ಗುರುತೇ ಇಲ್ಲದ ಮರಳಿನ ಮೇಲೆ ದಾರಿ ತಪ್ಪಿ, ಇಳಿಯುವಾಗ ರೆಕ್ಕೆ ಮುರಿದುಕೊಂಡಿತು. ಮತ್ತೆ ಹಾರಲಿಲ್ಲ.

ದೋಷ ಯಂತ್ರದ್ದೋ ನೆಲದ್ದೋ ಎಂದು ತಿಳಿಯುವುದು ಸುಲಭ. ರೆಕ್ಕೆಗಳನ್ನು ಬಿಚ್ಚಿಟ್ಟು, ಡ್ರೋನ್ ಚಾಲೂ ಮಾಡಿ, ಹುಲ್ಲು, ಕಲ್ಲು ಚೆಲ್ಲಿದ ಒಣ ಕಣದ ಮೇಲೆ ಒಂದು ಮೀಟರ್ ಎತ್ತರಕ್ಕೆ ಹಿಡಿಯಬೇಕು. ಒಂದೇ ನಮೂನೆಯ ಟೈಲ್ಸ್ ನೆಲ ಬೇಡ, ಅದೂ ಕ್ಯಾಮೆರಾವನ್ನು ಗಲಿಬಿಲಿಗೊಳಿಸುತ್ತದೆ. ಆ್ಯಪ್ ತೋರಿಸುವ ಎತ್ತರ ಟೇಪಿನ ಅಳತೆಗೆ ಹೊಂದಿದರೆ ಸೆನ್ಸರ್ ಸರಿಯಿದೆ. ಹೊಂದದಿದ್ದರೆ ಮೊದಲು ಗಾಜು ನೋಡಿ. ಒಂದು ಕೆಸರಿನ ಚಿಕ್ಕೆ, ಅಂಟಿಸಿದ ಸ್ಟಿಕ್ಕರ್, ಎತ್ತರಕ್ಕೆಂದು ಸಿಕ್ಕಿಸಿದ ಕಾಲು, ಯಾವುದು ಅಡ್ಡ ಬಂದರೂ ಸಾಕು. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಆ್ಯಪಿನಲ್ಲೇ ಕ್ಯಾಲಿಬ್ರೇಶನ್ ಮಾಡಿದ ಮೇಲೂ ತಪ್ಪಿದರೆ ಅಂಗಡಿಯ ದಾರಿ.

ಕನ್ನಂಬಾಡಿ ಕಟ್ಟೆಯ ಸುತ್ತ ಮಾತ್ರ ಡ್ರೋನ್ ಹಾರಿಸುವುದು ಬೇಡ. 2021ರ ಡ್ರೋನ್ ನಿಯಮಗಳಂತೆ ಹಾರಾಟ ನಿರ್ಬಂಧಿಸಿದ ಕೆಂಪು ವಲಯದಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಅನುಮತಿ ಬೇಕು; ಊರಿನ ಜಾಗ ಯಾವ ಬಣ್ಣದ್ದೆಂದು ಹಾರಿಸುವ ಮುನ್ನವೇ ಸರ್ಕಾರದ ಡ್ರೋನ್ ವಲಯ ನಕ್ಷೆಯಲ್ಲಿ ನೋಡಿಕೊಳ್ಳಿ.