ತಂತ್ರಾಂಶದ ಕಟ್ಟು ಮತ್ತು ಅದರ ವಿವರಪತ್ರ

ಹೈದರಾಬಾದಿನ ಕಾಚಿಗೂಡವು ಕನ್ನಡಿಗರ ಹಳೆಯ ನೆಲೆಗಳಲ್ಲೊಂದು. ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರಿನ ವಿದ್ಯಾಸಂಸ್ಥೆಯೂ ಇಲ್ಲಿವೆ. ಇಂತಹ ಬಡಾವಣೆಯ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ, ಊರಿನಿಂದ ಬಂದ ಕನ್ನಡ ಪತ್ರವನ್ನು ಗಣಕಯಂತ್ರದಲ್ಲಿ ತೆರೆದಾಗ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣಿಸುವುದುಂಟು. ಅದೇ ಯಂತ್ರದಲ್ಲಿ ತೆಲುಗು ಬರಹ ಸರಾಗವಾಗಿ ಮೂಡುತ್ತಿರಬಹುದು. ಈ ಎರಡು ಲಿಪಿಗಳು ಕಣ್ಣಿಗೆ ಅಕ್ಕತಂಗಿಯರಂತೆ ಕಂಡರೂ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಒಂದೊಂದಕ್ಕೂ 128 ಸ್ಥಾನಗಳ ಪ್ರತ್ಯೇಕ ಖಾನೆಯನ್ನು ಮೀಸಲಿಡಲಾಗಿದೆ. ಆದುದರಿಂದ ತೆಲುಗಿನ ಫಾಂಟ್ ಕನ್ನಡಕ್ಕೆ ಒದಗುವುದಿಲ್ಲ. ಕನ್ನಡ ಫಾಂಟನ್ನು ಪ್ರತ್ಯೇಕವಾಗಿ ತಂದು ಸ್ಥಾಪಿಸಬೇಕಾಗುತ್ತದೆ.

ಈ ಸ್ಥಾಪನೆಯ ಕಾರ್ಯವನ್ನು ಇಂದು ಯಂತ್ರವೇ ಬಹುಮಟ್ಟಿಗೆ ನಿರ್ವಹಿಸುತ್ತದೆ. ಯಾವುದನ್ನು, ಎಲ್ಲಿಂದ, ಯಾವುದರ ಜೊತೆಗೆ ತರಬೇಕೆಂಬುದನ್ನು ಅದು ತಿಳಿಯುವುದು ಒಂದು ಸಣ್ಣ ವಿವರಪತ್ರದಿಂದ. ತಂತ್ರಜ್ಞರು ಇಂತಹ ಮಾಹಿತಿಯನ್ನು ಮೆಟಾಡೇಟಾ ಎನ್ನುತ್ತಾರೆ. ಮಾಹಿತಿಯ ಕುರಿತಾದ ಮಾಹಿತಿ ಎಂದು ಇದರ ಅರ್ಥ. ರೈಲ್ವೆ ಪಾರ್ಸೆಲ್ಲಿನ ಮೇಲೆ ಕಳುಹಿಸಿದವರು, ಪಡೆಯುವವರು, ತಲುಪಬೇಕಾದ ನಿಲ್ದಾಣ ಇವುಗಳನ್ನು ಬರೆದಿರುತ್ತಾರಷ್ಟೆ. ಕಟ್ಟನ್ನು ಬಿಚ್ಚದೆಯೇ ಅದನ್ನು ಎತ್ತ ಸಾಗಿಸಬೇಕೆಂದು ಗುಮಾಸ್ತನಿಗೆ ತಿಳಿಯುತ್ತದೆ. ತಂತ್ರಾಂಶದ ವಿವರಪತ್ರವೂ ಇದೇ ಕೆಲಸವನ್ನು ಮಾಡುತ್ತದೆ, ಆದರೆ ಇನ್ನೂ ಹೆಚ್ಚು ಹೊಣೆಯೊಡನೆ.

ಭಾರತದಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಬಾಸ್, ಅಂದರೆ ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಸಿದ್ಧಪಡಿಸಿ 2007ರಲ್ಲಿ ಬಿಡುಗಡೆ ಮಾಡಿದ ಈ ಕಾರ್ಯಾಚರಣ ವ್ಯವಸ್ಥೆಯು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅವಕಾಶ ಕಲ್ಪಿಸಿದೆ. ಇದರ ತಳಹದಿ 1993ರಲ್ಲಿ ಆರಂಭವಾದ ಡೆಬಿಯನ್. 2023ರ ಡೆಬಿಯನ್ 12ನೆಯ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ಕಟ್ಟುಗಳು, ಅಂದರೆ ಪ್ಯಾಕೇಜುಗಳು ಇದ್ದವು. ಇಷ್ಟೊಂದು ಕಟ್ಟುಗಳ ಪರಸ್ಪರ ಸಂಬಂಧವನ್ನು ಮನುಷ್ಯರು ನೆನಪಿನಲ್ಲಿಟ್ಟುಕೊಂಡು ನಿಭಾಯಿಸುವುದು ಸಾಧ್ಯವೇ ಇಲ್ಲ.

ಡೆಬಿಯನ್ ಕಟ್ಟೊಂದನ್ನು ಬಿಚ್ಚಿದರೆ ಒಳಗೆ ಮೂರು ಭಾಗಗಳಿರುತ್ತವೆ. ಒಂದು, ಕಟ್ಟಿನ ಸ್ವರೂಪ ಯಾವ ಆವೃತ್ತಿಯದೆಂದು ಹೇಳುವ ಪುಟ್ಟ ಕಡತ. ಇನ್ನೊಂದರಲ್ಲಿ ಸ್ಥಾಪನೆಯಾಗಬೇಕಾದ ತಂತ್ರಾಂಶವಿರುತ್ತದೆ. ಮತ್ತೊಂದರಲ್ಲಿ ಕಂಟ್ರೋಲ್ ಎಂಬ ಹೆಸರಿನ ವಿವರಪತ್ರವಿರುತ್ತದೆ. ಇದು ಯಾರು ಬೇಕಾದರೂ ಓದಬಹುದಾದ ಸಾದಾ ಬರಹ. ಕಟ್ಟಿನ ಹೆಸರು, ಆವೃತ್ತಿಯ ಸಂಖ್ಯೆ, ಯಾವ ಬಗೆಯ ಯಂತ್ರಕ್ಕೆ ಹೊಂದುತ್ತದೆ, ಪಾಲನೆಯ ಹೊಣೆ ಯಾರದು, ಉಪಯೋಗವೇನು ಎಂಬುವು ಒಂದೊಂದು ಸಾಲಿನಲ್ಲಿ ನಮೂದಾಗಿರುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಸಾಲು ಡಿಪೆಂಡ್ಸ್: ಈ ಕಟ್ಟು ಕೆಲಸ ಮಾಡಬೇಕಾದರೆ ಇನ್ನಾವ ಕಟ್ಟುಗಳು ಇರಲೇಬೇಕು ಎಂಬ ಪಟ್ಟಿ. ಜೊತೆಗಿದ್ದರೆ ಹೊಂದದ ಕಟ್ಟುಗಳ ಹೆಸರನ್ನು ಹೇಳುವ ಸಾಲೂ ಉಂಟು.

ಕನ್ನಡ ಫಾಂಟಿನ ವಿಷಯದಲ್ಲಿ ಇದು ಸೊಗಸಾಗಿ ಪ್ರಕಟವಾಗುತ್ತದೆ. ಫಾಂಟ್ಸ್-ಕೆಎನ್‌ಡಿಎ ಎಂಬುದೊಂದು ಕಟ್ಟಿದೆ; ಕೆಎನ್‌ಡಿಎ ಎಂಬುದು ಕನ್ನಡ ಲಿಪಿಗೆ ಅಂತರರಾಷ್ಟ್ರೀಯ ಮಾನಕವು ನೀಡಿರುವ ನಾಲ್ಕಕ್ಷರದ ಗುರುತು. ಈ ಕಟ್ಟಿನೊಳಗೆ ಒಂದು ಅಕ್ಷರದ ಆಕಾರವೂ ಇಲ್ಲ. ಇರುವುದು ವಿವರಪತ್ರ ಮಾತ್ರ ಎಂದರೂ ಸಲ್ಲುತ್ತದೆ. ಅದರ ಅವಲಂಬನೆಯ ಸಾಲಿನಲ್ಲಿ ಲೋಹಿತ್, ಗುಬ್ಬಿ, ನವಿಲು ಮುಂತಾದ ಕನ್ನಡ ಫಾಂಟುಗಳ ಹೆಸರಿರುವುದರಿಂದ ಇದೊಂದನ್ನು ಬೇಡಿದರೆ ಸಾಕು, ಉಳಿದವೂ ತಾವಾಗಿ ಬಂದು ಸೇರುತ್ತವೆ. ಚೌಕಗಳಿದ್ದ ಜಾಗದಲ್ಲಿ ಅಕ್ಷರಗಳು ಕಾಣಿಸಿಕೊಳ್ಳುತ್ತವೆ.

ಕಟ್ಟು ದಾರಿಯಲ್ಲಿ ಬದಲಾಗಿಲ್ಲವೆಂಬುದಕ್ಕೆ ಖಾತರಿಯೇನು? ಭಂಡಾರದ ಸೂಚಿಯಲ್ಲಿ ಪ್ರತಿಯೊಂದು ಕಟ್ಟಿನ ಗಾತ್ರವನ್ನೂ ಅದರ ಒಳವಸ್ತುವಿನಿಂದ ಲೆಕ್ಕಹಾಕಿದ 64 ಅಂಕಾಕ್ಷರಗಳ ಮೊಹರನ್ನೂ ದಾಖಲಿಸಲಾಗುತ್ತದೆ. ಕಟ್ಟಿನೊಳಗೆ ಒಂದೇ ಒಂದು ಅಕ್ಷರ ಬದಲಾದರೂ ಮೊಹರು ತಾಳೆಯಾಗದು. ಸೂಚಿಗಳ ಮೊಹರುಗಳನ್ನು ಮತ್ತೊಂದು ಕಡತದಲ್ಲಿ ಸೇರಿಸಿ, ಅದಕ್ಕೆ ಭಂಡಾರದ ವ್ಯವಸ್ಥಾಪಕರ ಗಣಕೀಯ ಸಹಿಯನ್ನು ಹಾಕಲಾಗುತ್ತದೆ.

ಇಷ್ಟಿದ್ದರೂ ವಿವರಪತ್ರವು ಮನುಷ್ಯರ ಪ್ರಾಮಾಣಿಕತೆಗೆ ಜಾಮೀನು ನಿಲ್ಲಲಾರದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಎಕ್ಸ್‌ಜೆಡ್ ಎಂಬ ಬಹುಬಳಕೆಯ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಕಳ್ಳಬಾಗಿಲು ಅಡಗಿರುವುದನ್ನು ಬಹಿರಂಗಪಡಿಸಿದರು. ಅದನ್ನು ಸೇರಿಸಿದ್ದು ಆ ತಂತ್ರಾಂಶದ ಪಾಲನೆಯ ಅಧಿಕಾರ ಪಡೆದಿದ್ದ ವ್ಯಕ್ತಿಯ ಹೆಸರಿನಿಂದಲೇ ಆದುದರಿಂದ ಮೊಹರು, ಸಹಿ ಎಲ್ಲವೂ ಸರಿಯಾಗಿಯೇ ಇದ್ದವು. ಆದರೆ ಅಪಾಯ ತಿಳಿದ ಬಳಿಕ ನೆರವಿಗೆ ಬಂದದ್ದು ವಿವರಪತ್ರವೇ. ಯಾವ ಯಂತ್ರದಲ್ಲಿ ಯಾವ ಆವೃತ್ತಿಯಿದೆ ಎಂಬುದನ್ನು ಆವೃತ್ತಿಯ ಸಾಲನ್ನು ನೋಡಿ ಕೂಡಲೇ ತಿಳಿಯಬಹುದಾಗಿತ್ತು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಅದು ತಲುಪಿರಲಿಲ್ಲ. ಪರೀಕ್ಷಾ ಹಂತದ ಆವೃತ್ತಿಗಳಲ್ಲಿ ಸೇರಿತ್ತು.

ಇಲ್ಲೊಂದು ತೊಡಕು ಎದುರಾಯಿತು. ಯಂತ್ರವು ಸಂಖ್ಯೆ ಹೆಚ್ಚಿದ್ದುದನ್ನೇ ಹೊಸದೆಂದು ಸ್ವೀಕರಿಸುತ್ತದೆ, ಸುರಕ್ಷಿತವಾಗಿದ್ದ 5.4.5ನ್ನು ನೀಡಿದರೆ ಅದು ಹಳೆಯದೆಂದು ಬದಿಗಿಡುತ್ತದೆ. ಆದುದರಿಂದ ಪಾಲಕರು ಹಳೆಯ ತಂತ್ರಾಂಶಕ್ಕೆ 5.6.1+ರಿಯಲಿ5.4.5 ಎಂಬ ಆವೃತ್ತಿಸಂಖ್ಯೆಯನ್ನಿತ್ತರು. 5.6.1ಕ್ಕಿಂತ ಹೊಸದು, ಆದರೆ ವಾಸ್ತವದಲ್ಲಿ 5.4.5 ಎಂದು ಅದರ ತಾತ್ಪರ್ಯ. ಸಂಖ್ಯೆಯನ್ನು ಓದುವ ಯಂತ್ರಕ್ಕೂ, ಅರ್ಥವನ್ನು ಓದುವ ಮನುಷ್ಯನಿಗೂ ಒಂದೇ ಸಾಲಿನಲ್ಲಿ ಉತ್ತರ ಸಿಕ್ಕಿತು.

ಬಳಕೆದಾರರ ಕಣ್ಣಿಗೆ ನೇರವಾಗಿ ಬೀಳುವ ವಿವರಪತ್ರವೂ ಒಂದಿದೆ. ಪ್ರತಿ ತಂತ್ರಾಂಶದ ಹೆಸರು ಮತ್ತು ಚಿಹ್ನೆ ಪಟ್ಟಿಯಲ್ಲಿ ಹೇಗೆ ಕಾಣಬೇಕೆಂಬುದನ್ನು ಡೆಸ್ಕ್‌ಟಾಪ್ ಕಡತವು ತಿಳಿಸುತ್ತದೆ. ಹೆಸರಿನ ಸಾಲಿನ ಕೆಳಗೆ ಕೆಎನ್ ಎಂಬ ಭಾಷಾಗುರುತಿನೊಂದಿಗೆ ಕನ್ನಡದ ಹೆಸರನ್ನು ಬರೆದಿದ್ದರೆ, ಕನ್ನಡವನ್ನು ಆಯ್ದುಕೊಂಡವರಿಗೆ ಆ ಹೆಸರೇ ಕಾಣುತ್ತದೆ. ಆ ಸಾಲು ಇಲ್ಲದಿದ್ದಲ್ಲಿ ಇಂಗ್ಲಿಷೇ ಉಳಿಯುತ್ತದೆ. ಒಂದೇ ಪಟ್ಟಿಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬೆರೆತು ಕಾಣಿಸುವುದು ಈ ಕಾರಣದಿಂದ. ಕೊರತೆಯಿರುವ ಕಡೆ ಅನುವಾದವನ್ನು ಕಳುಹಿಸುವ ಅವಕಾಶ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದಕ್ಕೆ ತಂತ್ರಾಂಶ ರಚನೆಯ ಪರಿಣತಿಯ ಅಗತ್ಯವಿಲ್ಲ, ಎರಡು ಭಾಷೆಗಳ ತಿಳಿವಳಿಕೆ ಸಾಕು.