ಒಂದೇ ಎಳೆಗೆ ನೂಲಾಗದು: ಮೊಬೈಲ್ ಸಂಪಾದನೆಯ ಲೆಕ್ಕಾಚಾರ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಬಂದು ನೆಲೆಸಿರುವ ನಮ್ಮ ಬ್ಯಾರಿ ಮನೆಗಳಲ್ಲಿ ಈಗ ಎಲ್ಲಿ ಹೋದರೂ ಒಂದು ಪ್ರಶ್ನೆ ಇದ್ದೇ ಇದೆ. "ಉಸ್ತಾದ್, ಮೊಬೈಲಲ್ಲಿ ದುಡ್ಡು ಬರುತ್ತಂತಲ್ಲ, ಹೌದಾ?" ಕೇಳುವವರು ಹುಡುಗರು ಮಾತ್ರ ಅಲ್ಲ. ಗಲ್ಫಿನಿಂದ ವಾಪಸ್ ಬಂದು ಮತ್ತೆ ವೀಸಾ ಸಿಗದವರು ಕೇಳ್ತಾರೆ. ಪಿಯುಸಿ ಮುಗಿಸಿ ಮನೆಯಲ್ಲೇ ಇರುವ ಹೆಣ್ಣುಮಕ್ಕಳು ಉಮ್ಮನ ಮೂಲಕ ಕೇಳಿಸ್ತಾರೆ. ಹೌದು, ಬರುತ್ತೆ. ಆದರೆ ಎಷ್ಟು, ಯಾವುದಕ್ಕೆ, ಎಷ್ಟು ದಿನ? ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳುವವರು ಹೆಚ್ಚಿನವರು ತಮ್ಮ ಕೋರ್ಸು ಮಾರುವವರು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 2023ರ ಜುಲೈಯಲ್ಲಿ ಅಮೆರಿಕದ ಟೈಮ್ ಪತ್ರಿಕೆ ಒಂದು ದೊಡ್ಡ ವರದಿ ಪ್ರಕಟಿಸಿತು. ಕೃತಕ ಬುದ್ಧಿಮತ್ತೆಗೆ, ಅಂದರೆ ಎಐಗೆ, ಮಾತು ಕಲಿಸುವ ಕೆಲಸ ಮಾಡುವ ಹಳ್ಳಿಯ ಜನರ ಬಗ್ಗೆ. ಅದರಲ್ಲಿ ಬಂದ ಎರಡು ಹಳ್ಳಿಗಳ ಹೆಸರು ಆಲಹಳ್ಳಿ ಮತ್ತು ಚಿಲಕವಾಡಿ. ಚಿಲಕವಾಡಿ ಅಂದರೆ ನಮ್ಮ ಕೊಳ್ಳೇಗಾಲ ಕಡೆಯದೇ, ಶಂಭುಲಿಂಗೇಶ್ವರ ಬೆಟ್ಟ ಇರುವ ಊರು. ಬೆಂಗಳೂರಿನ 'ಕಾರ್ಯ' ಎಂಬ ಲಾಭರಹಿತ ಸಂಸ್ಥೆ ಕೊಟ್ಟ ಕೆಲಸ ಅದು. ಮನು ಚೋಪ್ರಾ ಎಂಬವರು ಅದರ ಮುಖ್ಯಸ್ಥರು. ಮೈಕ್ರೋಸಾಫ್ಟ್‌ನ ಸಂಶೋಧನಾ ವಿಭಾಗದಲ್ಲಿ ಹುಟ್ಟಿದ ಯೋಜನೆ 2021ರಲ್ಲಿ ಬೇರೆಯಾಗಿ ನಿಂತಿತು.

ಕೆಲಸ ಏನು ಗೊತ್ತಾ? ಮೊಬೈಲ್ ಪರದೆ ಮೇಲೆ ಒಂದು ಕನ್ನಡ ವಾಕ್ಯ ಬರುತ್ತದೆ. ಅದನ್ನು ನಮ್ಮ ಊರಿನ ಉಚ್ಚಾರದಲ್ಲೇ ಗಟ್ಟಿಯಾಗಿ ಓದಬೇಕು. ಅಷ್ಟೆ. ಸಂಭಾವನೆ ಗಂಟೆಗೆ ಸುಮಾರು 5 ಡಾಲರ್, ಆಗಿನ ಲೆಕ್ಕಕ್ಕೆ 400 ರೂಪಾಯಿ ದಾಟುತ್ತದೆ. ಒಬ್ಬ ಶಿಕ್ಷಕಿ ಹಲವು ದಿನಗಳಲ್ಲಿ ಬಿಡಿಬಿಡಿಯಾಗಿ ಸುಮಾರು ಆರು ಗಂಟೆ ಓದಿ 2,570 ರೂಪಾಯಿ ಪಡೆದರಂತೆ. ದೂರದ ಶಾಲೆಗೆ ಬಸ್ಸು ಬದಲಿಸಿ ಬದಲಿಸಿ ಹೋಗಿ, ಬಸ್ ಚಾರ್ಜು ಕಳೆದು ತಿಂಗಳಿಗೆ ಅವರ ಕೈಯಲ್ಲಿ ಉಳಿಯುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ! ಅವರು ಓದಿದ ಧ್ವನಿಯನ್ನು ಮುಂದೆ ಇನ್ನೊಬ್ಬರಿಗೆ ಮಾರಿದರೆ ಅದರಲ್ಲೂ ಪಾಲು ಕೊಡುವ ವ್ಯವಸ್ಥೆ ಇದೆ.

ಇಲ್ಲಿಯ ತನಕ ಓದಿದವರು ಈಗಲೇ ಮೊಬೈಲ್ ಕೈಗೆತ್ತಿಕೊಂಡಿರಬಹುದು. ಸ್ವಲ್ಪ ನಿಲ್ಲಿ. ಆ ಕೆಲಸಕ್ಕೆ ಒಂದು ಮಿತಿ ಇತ್ತು. ಒಬ್ಬರು ಒಟ್ಟು 1,500 ಡಾಲರ್ ತನಕ ದುಡಿಯಬಹುದು, ಆಮೇಲೆ ಜಾಗ ಬೇರೆಯವರಿಗೆ. ಹೆಚ್ಚು ಜನರಿಗೆ ಸಿಗಲಿ ಎಂಬುದು ಅವರ ಆಲೋಚನೆ, ನ್ಯಾಯವೂ ಹೌದು. ಆದರೆ ಒಂದು ಮನೆ ನಡೆಸುವವನಿಗೆ ಅದರ ಅರ್ಥ ಏನು? ಇದು ಸಂಬಳ ಅಲ್ಲ, ಒಂದು ಸಲದ ಕೂಲಿ. ಇವತ್ತು ಕನ್ನಡ ಬೇಕು, ನಾಳೆ ಬೇರೆ ಭಾಷೆ ಬೇಕು. ಯೋಜನೆ ಮುಗಿದರೆ ಕೆಲಸ ಮುಗೀತು.

ರೇಷ್ಮೆ ಬಿಚ್ಚುವವರ ಮನೆಗೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತೆ. ಕೊಳ್ಳೇಗಾಲದಲ್ಲಿ ಗೂಡಿನ ಮಾರುಕಟ್ಟೆ ಇದೆ, ನೂಲು ತೆಗೆಯುವ ಕಸುಬಿನಲ್ಲಿ ನಮ್ಮ ಉರ್ದು ಮಾತನಾಡುವ ಸಹೋದರರು ತಲೆಮಾರಿನಿಂದ ಇದ್ದಾರೆ. ಕುದಿಯುವ ನೀರಿನ ಬಾಣಲೆ ಮುಂದೆ ಕೂತ ಹೆಂಗಸು ಒಂದೇ ಗೂಡಿನ ಎಳೆಯನ್ನು ರಾಟೆಗೆ ಹಾಕುವುದಿಲ್ಲ. ಒಂದು ಗೂಡಿನ ಎಳೆ ಅಷ್ಟು ಸಣ್ಣದು, ಮುಟ್ಟಿದರೆ ತುಂಡಾಗುತ್ತದೆ. ಎಂಟು ಹತ್ತು ಗೂಡಿನ ಎಳೆಗಳನ್ನು ಒಟ್ಟಿಗೆ ಸೇರಿಸಿದರೆ ಮಾತ್ರ ಸೀರೆಗೆ ಬೇಕಾದ ನೂಲು. ಒಂದು ಗೂಡು ಖಾಲಿಯಾಯಿತೋ, ತಕ್ಷಣ ಇನ್ನೊಂದರ ಎಳೆ ಎತ್ತಿ ಸೇರಿಸ್ತಾರೆ, ರಾಟೆ ನಿಲ್ಲಿಸುವುದಿಲ್ಲ. ಆನ್‌ಲೈನ್ ಸಂಪಾದನೆಯೂ ಹೀಗೇ. ಧ್ವನಿ ಕೊಡುವುದು ಒಂದು ಎಳೆ. ಉಳಿದದ್ದು ಎಲ್ಲಿಂದ?

ಮೊದಲು ನಾಲಿಗೆಯ ಮಾತೇ ಆಡೋಣ, ಯಾಕೆಂದರೆ ಈ ಸೀಮೆಯವರ ದೊಡ್ಡ ಬಂಡವಾಳ ಅದು. 1956ರ ತನಕ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗಲೂ ಹನೂರಿನಿಂದ ಕೆಳಗೆ ಹೋದ ಹಾಗೆ ತಮಿಳು ಕೇಳಿಸ್ತದೆ. ಪೇಟೆಯಲ್ಲಿ ದಖನಿ ಉರ್ದು, ವ್ಯಾಪಾರಕ್ಕೆ ಕನ್ನಡ, ನಮ್ಮ ಮನೆಯೊಳಗೆ ಬ್ಯಾರಿ. ಇಲ್ಲಿ ಬೆಳೆದ ನಮ್ಮ ಮಗು ಹತ್ತು ವರ್ಷಕ್ಕೆ ನಾಲ್ಕು ಭಾಷೆ ಆಡುತ್ತೆ, ಅದನ್ನು ನಾವು ಒಂದು ವಿದ್ಯೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ 'ವಾಣಿ' ಎಂಬ ಯೋಜನೆ ಇಟ್ಟುಕೊಂಡಿದೆ. ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಹೆಚ್ಚು ಮಾತು ದಾಖಲಿಸುವ ಗುರಿ. ಜಿಲ್ಲೆಯ ಮಾತು ಜಿಲ್ಲೆಯವರಿಂದಲೇ ಬೇಕು ಎಂಬುದು ಅದರ ಲೆಕ್ಕ. ಇಂತಹ ಕೆಲಸಗಳಿಗೆ ಇಂಗ್ಲಿಷ್ ಬೇಕಾಗಿಲ್ಲ. ಸ್ಪಷ್ಟವಾಗಿ ಓದಲು ಬರಬೇಕು, ಫ್ಯಾನ್ ಆಫ್ ಮಾಡಿ ಕೂರುವ ಒಂದು ಕೋಣೆ ಬೇಕು. ಧ್ವನಿ ಕೇಳಿ ಅಕ್ಷರಕ್ಕೆ ಇಳಿಸುವುದು, ಯಂತ್ರ ಮಾಡಿದ ಅನುವಾದ ತಿದ್ದುವುದು ಇದರ ಅಣ್ಣ ತಮ್ಮಂದಿರು. ಬರೀ ಅನುವಾದದ ಕೆಲಸ ಮಾತ್ರ ನಂಬಬೇಡಿ, ಅದನ್ನು ಯಂತ್ರವೇ ನುಂಗುತ್ತಾ ಬಂದಿದೆ.

ಇನ್ನು ಕಲಿಸುವ ಕೆಲಸ. ಕೊರೋನ ಕಾಲದಲ್ಲಿ ಮದ್ರಸಗಳು ಮುಚ್ಚಿದಾಗ ಶುರುವಾದ ಆನ್‌ಲೈನ್ ಪಾಠ ಗಲ್ಫಿನ ಮನೆಗಳಲ್ಲಿ ನಿಂತೇ ಇಲ್ಲ. ಅಲ್ಲಿಯ ನಮ್ಮ ಮಕ್ಕಳಿಗೆ ಕುರ್‌ಆನ್ ಓದಿಸಲು ಬ್ಯಾರಿಯಲ್ಲಿ ವಿವರಿಸುವ ಉಸ್ತಾದ್ ಬೇಕು, ಕನ್ನಡ ಅಕ್ಷರ ಮರೆಯದಂತೆ ಕಲಿಸುವ ಟೀಚರ್ ಬೇಕು. ಡಿ.ಎಡ್. ಮಾಡಿ ಮನೆಯಲ್ಲಿ ಕೂತ ಸಹೋದರಿಯರಿಗೆ ಇದು ತುಂಬಾ ಹೊಂದುತ್ತದೆ. ಸಣ್ಣ ಸಣ್ಣ ವಿಷಯ ಗೊತ್ತಿರಲಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ. ಅಲ್ಲಿ ಮಗ್ರಿಬ್ ಆದ ಮೇಲೆ ಪಾಠ ಅಂದರೆ ಇಲ್ಲಿ ಇಶಾ ಕಳೆದು ರಾತ್ರಿ ಆಗಿರುತ್ತೆ. ಯುಎಇಯಲ್ಲಿ 2022ರಿಂದ ವಾರದ ರಜೆ ಶನಿವಾರ ಭಾನುವಾರ, ಸೌದಿಯಲ್ಲಿ ಶುಕ್ರವಾರ ಶನಿವಾರ. ಯುಎಇಗೆ ವಾಟ್ಸ್‌ಆ್ಯಪ್ ಕರೆ ಸರಿಯಾಗಿ ಹೋಗುವುದಿಲ್ಲ, ಝೂಮ್ ಅಥವಾ ಗೂಗಲ್ ಮೀಟ್ ಬೇಕು. ಫೀಸು ತಿಂಗಳ ಮೊದಲೇ ಮಾತಾಡಿಕೊಳ್ಳಿ. "ಕೊಟ್ಟಷ್ಟು ಕೊಡಿ" ಎಂಬ ಸಂಕೋಚ ಉಸ್ತಾದರಲ್ಲಿ ಜಾಸ್ತಿ, ಅದರಿಂದ ಎರಡು ಕಡೆಗೂ ಒಳ್ಳೆಯದಾಗಿದ್ದು ನಾನು ನೋಡಿಲ್ಲ.

ಮಾರಾಟದ ವಿಷಯಕ್ಕೆ ಬರುವ. ಮೀಶೋ, ಅಮೆಝಾನ್ ಅಂದಕೂಡಲೇ ಜನ ಸೂರತ್ತಿನ ಬಟ್ಟೆ ತರಿಸಿ ಮಾರಲು ಹೊರಡ್ತಾರೆ. ಸೂರತ್ತಿನವನೇ ಅಲ್ಲಿ ಕೂತು ಮಾರುತ್ತಿರುವಾಗ ನಿಮ್ಮ ಹತ್ತಿರ ಯಾರು ಕೊಳ್ತಾರೆ? ಇಲ್ಲಿ ಏನಿದೆ ನೋಡಿ. ಕೊಳ್ಳೇಗಾಲದ ಮಗ್ಗದ ರೇಷ್ಮೆ ಇದೆ, ಹೆಸರಿಗೇ ಗಿರಾಕಿ ಇದ್ದಾರೆ. ನೇಕಾರರಿಂದ ನೇರ ತೆಗೆದು, ಸಿಲ್ಕ್ ಮಾರ್ಕ್ ಲೇಬಲ್ ಇರುವುದನ್ನೇ ಆರಿಸಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಹಾಕಿದರೆ ಮಂಗಳೂರಿನ ಮದುವೆ ಮನೆಗಳೇ ಸಾಕು. ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬೆಳೆಯುವ ಕಾಫಿ, ತೆಗೆಯುವ ಜೇನು ಇದೆ. 2011ರಲ್ಲಿ ಅವರಿಗೆ ಕಾಡಿನ ಉತ್ಪನ್ನದ ಮೇಲೆ ಸಮುದಾಯ ಹಕ್ಕು ಸಿಕ್ಕಿತು. ಆದ್ದರಿಂದ ಅವರ ಸಂಘದಿಂದ ಬಿಲ್ಲು ಪಡೆದು ಕೊಂಡು ಮಾರಿ. ಬೀದಿಯಲ್ಲಿ ಅಗ್ಗಕ್ಕೆ ಸಿಕ್ಕ ಬೆಲ್ಲದ ಪಾಕಕ್ಕೆ ಬೆಟ್ಟದ ಜೇನು ಅಂತ ಹೆಸರಿಟ್ಟರೆ ಅದು ವ್ಯಾಪಾರ ಅಲ್ಲ, ಮೋಸ. ತಿನ್ನುವ ವಸ್ತುವಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ, ಉಪ್ಪಿನಕಾಯಿಯೂ ತಿನ್ನುವ ವಸ್ತುವೇ.

"ಜಿಎಸ್‌ಟಿ ಇಲ್ಲದೆ ಆನ್‌ಲೈನ್ ಮಾರಲು ಆಗಲ್ಲ" ಎಂದು ಹಲವರು ಕೈಬಿಟ್ಟಿದ್ದಾರೆ. 2023ರ ಅಕ್ಟೋಬರ್ 1ರಿಂದ ನಿಯಮ ಸಡಿಲವಾಗಿದೆ. ವರ್ಷಕ್ಕೆ 40 ಲಕ್ಷ ರೂಪಾಯಿ ಒಳಗೆ ವಹಿವಾಟು ಇರುವ ಸಣ್ಣ ಮಾರಾಟಗಾರ ಪ್ಯಾನ್ ಕಾರ್ಡ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು, ಇಂತಹ ತಾಣಗಳಲ್ಲಿ ಕರ್ನಾಟಕದ ಒಳಗೆ ಮಾರಬಹುದು. ಹೊರರಾಜ್ಯಕ್ಕೆ ಕಳಿಸಬೇಕಾದರೆ ಮಾತ್ರ ಪೂರ್ತಿ ನೋಂದಣಿ. ಹನೂರಿನವರು ಒಂದು ವಿಷಯ ನೆನಪಿಡಿ, ತಮಿಳುನಾಡು ಗಡಿ ಎಷ್ಟು ಹತ್ತಿರವಿದ್ದರೂ ಅದು ಹೊರರಾಜ್ಯ.

ಯೂಟ್ಯೂಬ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ಆಸೆ ದೊಡ್ಡದು, ಫಲ ನಿಧಾನ. ಜಾಹೀರಾತಿನ ಹಣ ಬರಲು 1,000 ಚಂದಾದಾರರು, ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ದೊಡ್ಡ ವಿಡಿಯೊದ ಜಾಹೀರಾತಿನಲ್ಲಿ 55 ಶೇಕಡಾ ನಮಗೆ. 100 ಡಾಲರ್ ಸೇರುವ ತನಕ ಹಣ ಕೈಗೆ ಬರುವುದಿಲ್ಲ. ಗಲ್ಫಿನಲ್ಲಿ ನೋಡುವವರಿದ್ದರೆ ಜಾಹೀರಾತಿನ ದರ ಸ್ವಲ್ಪ ಹೆಚ್ಚು, ಆದ್ದರಿಂದ ಬ್ಯಾರಿ ಅಡುಗೆಯ ಚಾನೆಲ್ಲುಗಳಿಗೆ ಒಂದು ಅನುಕೂಲ ಇದೆ. ಬೇಡದ ವರ್ಗದ ಜಾಹೀರಾತು ತಡೆಯುವ ಅವಕಾಶವೂ ಸೆಟ್ಟಿಂಗ್‌ನಲ್ಲಿ ಇದೆ, ಅದನ್ನು ಹುಡುಕಿ ಬಳಸಿ. ಫೋಟೋ ಹುಚ್ಚು ಇರುವ ಹುಡುಗರು ಮಳೆಗಾಲದ ಭರಚುಕ್ಕಿಯನ್ನು ಬರೀ ಸ್ಟೇಟಸ್‌ಗೆ ಹಾಕುವ ಬದಲು ಅಡೋಬ್ ಸ್ಟಾಕ್‌ನಂತಹ ತಾಣಕ್ಕೂ ಹಾಕಲಿ, ಮಾರಿದ ಚಿತ್ರಕ್ಕೆ 33 ಶೇಕಡಾ ಕೊಡ್ತಾರೆ. ನೂರು ಹಾಕಿದರೆ ಎರಡು ಮೂರು ಹೋಗಬಹುದು.

ಇಷ್ಟೆಲ್ಲ ದೂರದ ಮಾತು ಬೇಡ ಅನ್ನುವವರಿಗೆ ಊರಲ್ಲೇ ಕೆಲಸ ಇದೆ. ವಿದ್ಯಾರ್ಥಿ ವೇತನ, ಸೇವಾಸಿಂಧು, ಹಜ್ ಅರ್ಜಿ, ಪಾಸ್‌ಪೋರ್ಟ್ ಎಲ್ಲವೂ ಈಗ ಆನ್‌ಲೈನ್. ಹನೂರಿನ ಕಾಡಂಚಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ಲೇ ಇಲ್ಲ, ಪೇಟೆಗೆ ಬಂದೇ ಅರ್ಜಿ ಹಾಕಬೇಕು. ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್ ಇಟ್ಟುಕೊಂಡು ಜನರಿಗೆ ತಪ್ಪಿಲ್ಲದೆ ಅರ್ಜಿ ತುಂಬಿಕೊಡುವವನಿಗೆ ಮರ್ಯಾದೆಯೂ ಇದೆ, ದಿನದ ಖರ್ಚಿನ ಹಣವೂ ಇದೆ.

ಈಗ ಒಂದು ಮನೆಯ ಲೆಕ್ಕ ಸುಮ್ಮನೆ ಊಹಿಸಿ. ಮಗಳು ಗಲ್ಫಿನ ನಾಲ್ಕು ಮಕ್ಕಳಿಗೆ ಪಾಠ, ತಲಾ ಸಾವಿರದಂತೆ ನಾಲ್ಕು ಸಾವಿರ. ತಿಂಗಳಿಗೆ ಮೂರು ಸೀರೆ ಹೋದರೆ ಖರ್ಚು ಕಳೆದು ಎರಡು ಸಾವಿರ. ಮಗ ಧ್ವನಿಯ ಕೆಲಸ ಸಿಕ್ಕ ತಿಂಗಳು ಎರಡು ಸಾವಿರ, ಸಿಗದ ತಿಂಗಳು ಸೊನ್ನೆ. ಅರ್ಜಿ ತುಂಬಿದ್ದಕ್ಕೆ ಮೂರು ಸಾವಿರ. ಎಲ್ಲ ಸೇರಿ ಒಂಬತ್ತರಿಂದ ಹನ್ನೊಂದು ಸಾವಿರ. ಲಕ್ಷ ಅಲ್ಲ. ಆದರೆ ಒಂದು ನಿಂತರೆ ಅಡುಗೆ ಮನೆ ನಿಲ್ಲುವುದಿಲ್ಲ. ಅಂಗಡಿಯ ಸಂಬಳದ ಜೊತೆ ಇದು ಸೇರಿದರೆ ಮಕ್ಕಳ ಫೀಸಿಗೆ ಬಡ್ಡಿ ಸಾಲದ ಬಾಗಿಲು ತಟ್ಟಬೇಕಾಗಿಲ್ಲ.

ಲಕ್ಷದ ಮಾತಾಡುವವರ ಬಗ್ಗೆಯೂ ಹೇಳಲೇಬೇಕು. "ವಿಡಿಯೊಗೆ ಲೈಕ್ ಒತ್ತಿ, ದಿನಕ್ಕೆ ಮೂರು ಸಾವಿರ" ಎಂದು ಟೆಲಿಗ್ರಾಂನಲ್ಲಿ ಕರೆಯುವವರು ಮೊದಲ ದಿನ ನೂರೈವತ್ತು ರೂಪಾಯಿ ನಿಜವಾಗಿ ಹಾಕ್ತಾರೆ. ನಾಲ್ಕನೇ ದಿನ "ಐದು ಸಾವಿರ ಕಟ್ಟಿ, ಎಂಟು ಸಾವಿರ ಪಡೆಯಿರಿ" ಅಂತಾರೆ. ಕೆಲಸ ಕೊಡುವವನು ನಮ್ಮಿಂದ ಹಣ ಕೇಳಿದ ಕ್ಷಣ ಫೋನ್ ಇಡಿ. ಬೆಟ್ಟಿಂಗ್ ಆಟವನ್ನೂ ಸಂಪಾದನೆ ಅಂತ ಹೇಳುವ ಹುಡುಗರಿದ್ದಾರೆ. ಅದು ದೀನಿನಲ್ಲಿ ಮೊದಲೇ ನಿಷಿದ್ಧ, 2025ರಲ್ಲಿ ಕೇಂದ್ರ ಸರಕಾರವೂ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕಾನೂನು ತಂದು ನಿಷೇಧಿಸಿದೆ. "ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ಟಿಕೆಟ್ ಫ್ರೀ" ಎಂದು ಹೋದವರು ಮ್ಯಾನ್ಮಾರ್ ಗಡಿಯ ಬೇಲಿಯೊಳಗೆ ವಂಚನೆ ಕರೆ ಮಾಡುವ ಗುಲಾಮರಾದರು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ 549 ಭಾರತೀಯರನ್ನು ಅಲ್ಲಿಂದ ವಾಪಸ್ ಕರೆತರಬೇಕಾಯಿತು. ಗಲ್ಫಿಗೆ ಹೋಗಿ ಅಭ್ಯಾಸ ಇರುವ ನಮ್ಮವರು ಇದನ್ನು ಇನ್ನೊಂದು ವೀಸಾ ಅಂತ ತಿಳಿಯುವ ಅಪಾಯ ಹೆಚ್ಚು.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಬ್ಯಾಂಕ್ ಖಾತೆ ಬಾಡಿಗೆಗೆ ಕೊಡುವ ದಂಧೆ. ನನ್ನ ಹತ್ತಿರ ಓದಿದ ಒಬ್ಬ ಹುಡುಗ, ಈಗ ಒಂದು ಅಂಗಡಿಯಲ್ಲಿ ಕೆಲಸ. "ನಿನ್ನ ಖಾತೆಗೆ ಹಣ ಬರುತ್ತೆ, ತೆಗೆದು ಕೊಡು, ಸಾವಿರಕ್ಕೆ ಇಪ್ಪತ್ತು ನಿನಗೆ" ಅಂದರು ಯಾರೋ. ಅವನಿಗೆ ಅದೂ ಒಂದು ಆನ್‌ಲೈನ್ ಕೆಲಸ ಅನ್ನಿಸಿತು. ಬಂದದ್ದು ಇನ್ಯಾವುದೋ ರಾಜ್ಯದಲ್ಲಿ ಒಬ್ಬ ಮುದುಕರನ್ನು ಹೆದರಿಸಿ ಕಿತ್ತ ಹಣ. ದೂರು ಆಯಿತು, ಖಾತೆ ಸ್ಥಗಿತ ಆಯಿತು, ನೋಟಿಸು ಅವನ ಹೆಸರಿಗೇ ಬಂತು. ಹಣ ತೆಗೆದುಕೊಂಡು ಹೋದವರ ಫೋನ್ ಸ್ವಿಚ್ ಆಫ್. ಯಾರಿಗೆ ಇಂತಹ ವಂಚನೆ ಆದರೂ ಕೂಡಲೇ 1930ಕ್ಕೆ ಕರೆ ಮಾಡಬೇಕು, ಮೊದಲ ಗಂಟೆಗಳಲ್ಲಿ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಗೊತ್ತಿಲ್ಲದ ಹಣ ಖಾತೆಗೆ ಬಿದ್ದರೆ ಅದನ್ನು ಮುಟ್ಟದೆ ಬ್ಯಾಂಕಿಗೆ ಹೋಗಿ ಲಿಖಿತವಾಗಿ ತಿಳಿಸಬೇಕು, ಸ್ವೀಕೃತಿ ಪಡೆಯಬೇಕು. ಆನ್‌ಲೈನ್ ದುಡಿಮೆಗೆ ಬೇರೆಯೇ ಒಂದು ಖಾತೆ ಇಟ್ಟುಕೊಳ್ಳುವುದು, ಯಾವ ಕೆಲಸಕ್ಕೆ ಯಾರಿಂದ ಎಷ್ಟು ಬಂತು ಎಂದು ಪುಸ್ತಕದಲ್ಲಿ ಬರೆದಿಡುವುದು ಕೂಡ ಇದಕ್ಕೇ.

ಆ ಹುಡುಗನ ಖಾತೆ ಇನ್ನೂ ತೆರೆದಿಲ್ಲ. ಸಂಬಳ ಈಗ ಉಮ್ಮನ ಖಾತೆಗೆ ಬೀಳುತ್ತಿದೆ, ಮುಂದಿನ ತಿಂಗಳು ಮತ್ತೆ ಹೇಳಿಕೆ ಕೊಡಲು ರೈಲು ಹತ್ತಬೇಕು.